"ಏನೂ ಆಗಲ್ಲ ಬಿಡಿ" ಅನ್ನುವ ಧೈರ್ಯ: ನವಲೆ ಸೇತುವೆಯ ಇಳಿಜಾರಿನಿಂದ ಅಡುಗೆಮನೆಯವರೆಗೆ

ಮಾರ್ಕೆಟ್ ಯಾರ್ಡ್ ಬುಕಿಂಗ್ ಆಫೀಸ್, ಪುಣೆ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಈ ಗುಂಪಿನಲ್ಲಿ ಬೇರೆ ಬೇರೆ ಕೆಲಸದವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಪುಣೆಗೆ ಬರುವವರಿಗೆಲ್ಲ ನವಲೆ ಸೇತುವೆ ಗೊತ್ತು. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ಕಿಲೋಮೀಟರ್‌ಗಟ್ಟಲೆ ಇಳಿಜಾರು. ಇಳಿಜಾರು ಮುಗಿಯುವ ಹೊತ್ತಿಗೆ ಊರಿನ ಟ್ರಾಫಿಕ್ ಎದುರಿಗೇ ನಿಂತಿರುತ್ತದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದು ಟ್ರಕ್ ಹತೋಟಿ ತಪ್ಪಿ ಸಾಲಾಗಿ ಗುದ್ದಿಕೊಂಡು ಹೋಯಿತು. 48 ಗಾಡಿ ಜಖಂ ಆದವು ಅಂತ ಆಗ ಪೇಪರ್‌ನಲ್ಲಿ ಬಂದಿತ್ತು. ಮೊದಲು ಎಲ್ಲರೂ ಬ್ರೇಕ್ ಫೇಲ್ ಅಂದರು. ಆಮೇಲೆ ಪೊಲೀಸರು ಹೇಳಿದ್ದು ಬೇರೆ: ಡೀಸೆಲ್ ಉಳಿಸೋಕೆ ಡ್ರೈವರ್ ಇಂಜಿನ್ ಆಫ್ ಮಾಡಿ ಇಳಿಸಿದ್ದ. ಅದೇ ಜಾಗದಲ್ಲಿ 2025ರ ನವೆಂಬರ್‌ನಲ್ಲಿ ಮತ್ತೊಂದು ದೊಡ್ಡ ಅಪಘಾತ ಆಗಿ ಎಂಟು ಜನ ಸತ್ತರು.

ನಮ್ಮ ಲಾರಿ ಬುಕಿಂಗ್ ಆಫೀಸಿಗೆ ವಿಜಯಪುರ, ಗದಗ, ಬಾಗಲಕೋಟೆ ಕಡೆಯ ಗಾಡಿಗಳು ಬರುತ್ತವೆ. ಡ್ರೈವರ್‌ಗಳ ಜೊತೆ ಚಹಾ ಕುಡಿಯುತ್ತಾ ಮಾತಾಡುವಾಗ ಒಂದು ಗಮನಿಸಿದ್ದೇನೆ. ಹೊಸ ಹುಡುಗರು ಆ ಇಳಿಜಾರಿಗೆ ಹೆದರುತ್ತಾರೆ. ಸುರಂಗ ದಾಟುವ ಮೊದಲೇ ಗೇರ್ ಇಳಿಸುತ್ತಾರೆ. ಡೀಸೆಲ್ ಉಳಿಯುತ್ತದೆ ಅಂತ ಗೇರ್ ತೆಗೆದು ನ್ಯೂಟ್ರಲ್ ಮಾಡಿ ಬಿಡುವವರು ಹಳಬರು. "ಆ ರೋಡು ನನಗೆ ಕೈಯಲ್ಲಿದೆ, ಏನೂ ಆಗಲ್ಲ ಬಿಡಿ ಮಾಲೀಕ್ರೇ" ಅಂತಾರೆ. ಕೆಲಸ ಚೆನ್ನಾಗಿ ಗೊತ್ತಿದ್ದವರೇ ಯಾಕೆ ಹೀಗೆ ಮಾಡುತ್ತಾರೆ? ಇದನ್ನು ಬರೀ ಬುದ್ಧಿ ಹೇಳಿ ಬಿಡಿಸೋಕೆ ಆಗುತ್ತಾ? ನಿಮ್ಮ ನಿಮ್ಮ ಕೆಲಸದಲ್ಲಿ ಇದು ಹೇಗಿದೆ?

ಬ್ರೇಕ್ ಕೆಲಸ, ಭೋಸರಿ

ಅಣ್ಣ, ಮೊದಲು ಡೀಸೆಲ್ ಲೆಕ್ಕ ಸರಿ ಮಾಡಿಬಿಡೋಣ. ಈಗಿನ ಇಂಜಿನ್‌ಗಳಲ್ಲಿ ಗಾಡಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ತನ್ನಷ್ಟಕ್ಕೆ ಓಡಬೇಕು, ಅದಕ್ಕೆ ಡೀಸೆಲ್ ಬೇಕೇ ಬೇಕು. ಅಂದರೆ ಉಳಿತಾಯ ಅಂತ ಮಾಡುವುದು ಉಳಿತಾಯವೇ ಅಲ್ಲ. ಹಳೇ ಪಂಪ್ ಇಂಜಿನ್ ಕಾಲದ ಮಾತು ಬಾಯಿಂದ ಬಾಯಿಗೆ ಇನ್ನೂ ಓಡಾಡುತ್ತಿದೆ.

ಇಂಜಿನ್ ಪೂರ್ತಿ ಆಫ್ ಮಾಡಿದರೆ ಇನ್ನೂ ಕೆಟ್ಟದ್ದು. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದೇ ಇಂಜಿನ್‌ನಿಂದ. ಟ್ಯಾಂಕಿನಲ್ಲಿ ಉಳಿದ ಗಾಳಿಯಲ್ಲಿ ಎಷ್ಟು ಸಲ ಬ್ರೇಕ್ ಒತ್ತಬಹುದೋ ಅಷ್ಟೇ. ಪವರ್ ಸ್ಟೀರಿಂಗ್ ಕೂಡ ಬಿಗಿಯಾಗುತ್ತದೆ. ಲೋಡ್ ಗಾಡಿಯನ್ನು ಬರೀ ಬ್ರೇಕ್ ಮೇಲೆ ಇಳಿಸಿದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಕಾಯುತ್ತದೆ, ಕಾದು ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಡ್ರೈವರ್ ಪೆಡಲ್ ಒತ್ತುತ್ತಾನೆ, ಗಾಡಿ ನಿಲ್ಲುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ನಾನು ಡ್ರಮ್ ಬಿಚ್ಚಿದಾಗ ಎಷ್ಟೋ ಸಲ ಒಳಗೆ ಕಬ್ಬಿಣ ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಲೈನರ್ ಮೇಲ್ಮೈ ನುಣ್ಣಗೆ ಹೊಳೆಯುತ್ತಿರುತ್ತದೆ. ಅಂದರೆ ಆ ಬ್ರೇಕ್ ಎಲ್ಲೋ ಒಂದು ಘಾಟಿನಲ್ಲಿ ಸುಟ್ಟು ಬಂದಿದೆ. ಡ್ರೈವರ್‌ನ ಕೇಳಿದರೆ "ಇಲ್ಲಪ್ಪ, ಚೆನ್ನಾಗೇ ಹಿಡಿಯುತ್ತಿತ್ತು" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಢಾಬಾದಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಡ್ರಮ್ ತಣ್ಣಗಾಗಿರುತ್ತದೆ, ಬ್ರೇಕ್ ಮತ್ತೆ ಹಿಡಿಯುತ್ತದೆ. ಎಚ್ಚರಿಕೆ ಬಂದಿತ್ತು, ಅವನಿಗೆ ಕಾಣಿಸುವ ಮೊದಲೇ ಅಳಿಸಿಹೋಯಿತು. ಅವನ ಲೆಕ್ಕದಲ್ಲಿ ಮಾತ್ರ ಅದು ಇನ್ನೊಂದು "ಏನೂ ಆಗಲಿಲ್ಲ".

ಹಳೇ ಉಸ್ತಾದ್‌ಗಳು ಹೇಳುತ್ತಿದ್ದ ನಿಯಮ ಒಂದೇ: ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು. ವೇಗ ಹಿಡಿದ ಮೇಲೆ ಲೋಡ್ ಗಾಡಿ ಗೇರ್ ತಗೊಳ್ಳುವುದೇ ಇಲ್ಲ.

ಡೊಂಬಿವಿಲಿ ಪಯಣಿಗ

ನಾವು ಮುಂಬೈನವರು ದಿನಾ ನೋಡುವುದು ಇದನ್ನೇ, ಹಳಿ ಮೇಲೆ. ಪಾದಚಾರಿ ಸೇತುವೆ ಇದ್ದರೂ ಹಳಿ ದಾಟುತ್ತಾರೆ. ಹೊಸದಾಗಿ ಊರಿಂದ ಬಂದವರು ಸೇತುವೆ ಹುಡುಕುತ್ತಾರೆ. ದಾಟುವವರು ಇಲ್ಲೇ ಹುಟ್ಟಿ ಬೆಳೆದವರು. ಯಾವ ಹೊತ್ತಿಗೆ ಯಾವ ಲೋಕಲ್ ಬರುತ್ತದೆ ಅಂತ ಬಾಯಿಪಾಠ ಇರುವವರು. ಮುಂಬೈ ಉಪನಗರ ರೈಲಿನ ಹಳಿಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು ಹಳಿ ದಾಟುವಾಗ.

ಇದರ ಬಗ್ಗೆ ಮುಂಬೈನ ವಡಾಲಾದಲ್ಲಿ ನಡೆದ ಒಂದು ಪ್ರಯೋಗ ನೆನಪಿಗೆ ಬರುತ್ತದೆ. 2010ರ ಆಸುಪಾಸಿನಲ್ಲಿ ಫೈನಲ್ ಮೈಲ್ ಅನ್ನುವ ಸಂಸ್ಥೆ ರೈಲ್ವೆ ಜೊತೆ ಸೇರಿ ಮಾಡಿದ್ದು. ಅವರು ಹಳಿ ದಾಟುವವರನ್ನು ಬೈಯಲಿಲ್ಲ. "ದಾಟಬೇಡಿ" ಅಂತ ಇನ್ನೊಂದು ಬೋರ್ಡ್ ಕೂಡ ಹಾಕಲಿಲ್ಲ. ಜನ ಎಲ್ಲಿ ಲೆಕ್ಕ ತಪ್ಪುತ್ತಾರೆ ಅಂತ ನೋಡಿದರು. ದೊಡ್ಡ ವಸ್ತು ಬರುವಾಗ ನಮ್ಮ ಕಣ್ಣಿಗೆ ಅದರ ವೇಗ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಷೆಲ್ ಲೀಬೊವಿಟ್ಜ್ 1985ರಲ್ಲೇ ಇದನ್ನು ಹೇಳಿದ್ದರು. ನೇರ ಎದುರಿಗೆ ಬರುವ ರೈಲು ಆರಾಮಾಗಿ ಬರುತ್ತಿರುವಂತೆ ಅನ್ನಿಸುತ್ತದೆ. ಆಗ "ಇನ್ನೂ ಟೈಮಿದೆ" ಅಂತ ಕಾಲು ಮುಂದಿಡುತ್ತಾರೆ.

ಅದಕ್ಕೆ ಅವರು ಹಳಿಯ ಕೆಳಗಿನ ಸ್ಲೀಪರ್‌ಗಳಿಗೆ ಅಲ್ಲಲ್ಲಿ ಹಳದಿ ಬಣ್ಣ ಬಳಿದರು. ರೈಲು ಆ ಪಟ್ಟೆಗಳನ್ನು ಒಂದೊಂದಾಗಿ ನುಂಗುತ್ತಾ ಬರುವುದು ಕಂಡಾಗ ವೇಗ ಅಂದಾಜಾಗುತ್ತದೆ. ಲೋಕಲ್ ಓಡಿಸುವ ಮೋಟರ್‌ಮನ್‌ಗಳಿಗೆ ಒಂದೇ ಒಂದು ಉದ್ದ ಹಾರ್ನ್ ಬದಲು ಎರಡು ಚಿಕ್ಕ ಹಾರ್ನ್ ಹೊಡೆಯಲು ಹೇಳಿದರು. ಎರಡರ ನಡುವಿನ ಮೌನ ಕಿವಿಯನ್ನು ಎಬ್ಬಿಸುತ್ತದೆ. ಮೂರನೆಯದು, ರೈಲಿಗೆ ಸಿಕ್ಕುವ ಮನುಷ್ಯನ ಭಯದ ಮುಖದ ದೊಡ್ಡ ಫೋಟೋ. ಅಲ್ಲಿ ಸಾವು ಕಡಿಮೆ ಆಯಿತು ಅಂತ ವರದಿ ಬಂತು, ಆಮೇಲೆ ಬೇರೆ ಸ್ಟೇಷನ್‌ಗಳಿಗೂ ಆ ಬಣ್ಣ ಬಂತು.

ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ, ದಾಟುವವನು ದಡ್ಡ ಅಂತ ಅವರು ಅಂದುಕೊಳ್ಳಲಿಲ್ಲ. ಕಣ್ಣು ಮೋಸ ಮಾಡುತ್ತದೆ, ಆ ಕಣ್ಣನ್ನು ಅವನು ನಂಬಿದ್ದಾನೆ, ಅಷ್ಟೇ.

ಕಳ್ವಾ ನಿವಾಸಿ

ದಯವಿಟ್ಟು ಎಲ್ಲವನ್ನೂ ಅತಿಯಾದ ಆತ್ಮವಿಶ್ವಾಸದ ಲೆಕ್ಕಕ್ಕೆ ಹಾಕಬೇಡಿ. 2025ರ ಜೂನ್ 9ರಂದು ದಿವಾ ಮತ್ತು ಮುಂಬ್ರಾ ನಡುವೆ ಏನಾಯಿತು? ತಿರುವಿನಲ್ಲಿ ಎರಡು ಲೋಕಲ್ ಪಕ್ಕಪಕ್ಕ ಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಬಿದ್ದರು. ಅವತ್ತೇ ನಾಲ್ಕು ಜನ ಹೋದರು. ಅವರು ಧೈರ್ಯ ತೋರಿಸೋಕೆ ನೇತಾಡುತ್ತಿರಲಿಲ್ಲ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಆಫೀಸಿಗೆ ಲೇಟಾದರೆ ಸಂಬಳ ಕತ್ತರಿಸುತ್ತಾರೆ. ಸತ್ತವನ ಮೇಲೇ ತಪ್ಪು ಹೊರಿಸುವುದು ತುಂಬಾ ಸುಲಭ.

ಡೊಂಬಿವಿಲಿ ಪಯಣಿಗ

ಒಪ್ಪಿದೆ. ಬೆಳಗ್ಗಿನ ಫಾಸ್ಟ್ ಲೋಕಲ್‌ನಲ್ಲಿ ನೇತಾಡುವವನಿಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಬೇಕಿರುವುದು ಜಾಸ್ತಿ ರೈಲು, ತಾನಾಗಿ ಮುಚ್ಚುವ ಬಾಗಿಲು. ಆ ಅಪಘಾತ ಆದ ಮೇಲೆ ರೈಲ್ವೆ ಹೊಸ ಲೋಕಲ್‌ಗಳಿಗೆ ಅಂಥ ಬಾಗಿಲು ಕೊಡುತ್ತೇವೆ ಅಂತ ಹೇಳಿದೆ. ಅದಕ್ಕೆ ಒತ್ತಾಯ ಮಾಡಲೇಬೇಕು.

ಆದರೆ ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಸೀಟು ಬಿಟ್ಟು ಬಾಗಿಲ ಕಂಬ ಹಿಡಿದು ಹೊರಗೆ ವಾಲುವ ಹುಡುಗರೂ ಇದ್ದಾರಲ್ಲಾ. ನಾನು ಹೇಳುತ್ತಿರುವುದು ಅವರ ಬಗ್ಗೆ. ಬೇರೆ ದಾರಿ ಇಲ್ಲದವನ ಅಪಾಯ ಬೇರೆ, ದಾರಿ ಇದ್ದೂ ಬಿಟ್ಟವನ ಅಪಾಯ ಬೇರೆ.

ಕಳ್ವಾ ನಿವಾಸಿ

ಹಾಗೆ ಬೇರೆ ಮಾಡಿ ಹೇಳಿದರೆ ನನ್ನ ತಕರಾರು ಇಲ್ಲ.

ಕಾಲೇಜು ಮೇಷ್ಟ್ರು, ಪುಣೆ

ಬುಕಿಂಗ್ ಆಫೀಸಿನವರು ಕೇಳಿದ್ದಕ್ಕೆ ನನ್ನ ಎರಡು ಮಾತು.

ನಾವೆಲ್ಲ ನಮ್ಮನ್ನು ನಾವು ಸರಾಸರಿಗಿಂತ ಮೇಲೆ ಇಟ್ಟುಕೊಳ್ಳುತ್ತೇವೆ. ಓಲಾ ಸ್ವೆನ್ಸನ್ ಅನ್ನುವ ಸ್ವೀಡನ್ ಸಂಶೋಧಕ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಡ್ರೈವಿಂಗ್ ಕೌಶಲದಲ್ಲಿ ನೀವು ಎಲ್ಲಿದ್ದೀರಿ ಅಂತ ಕೇಳಿದಾಗ ಅಮೆರಿಕದ ಗುಂಪಿನಲ್ಲಿ 93 ಶೇಕಡಾ, ಸ್ವೀಡನ್ ಗುಂಪಿನಲ್ಲಿ 69 ಶೇಕಡಾ ಜನ ತಾವು ಮೇಲಿನ ಅರ್ಧದಲ್ಲಿ ಅಂದರು. ಮೇಲಿನ ಅರ್ಧದಲ್ಲಿ ಇರಲು ಆಗುವುದು 50 ಶೇಕಡಾ ಜನರಿಗೆ ಮಾತ್ರ ತಾನೇ?

ಎರಡನೆಯದು ಇದಕ್ಕಿಂತ ಮುಖ್ಯ. ಅನುಭವ ಎಲ್ಲ ಕಡೆ ಸರಿಯಾದ ಪಾಠ ಕಲಿಸುವುದಿಲ್ಲ. ದೋಸೆ ಸೀದರೆ ಆಗಲೇ ಗೊತ್ತಾಗುತ್ತದೆ, ಮುಂದಿನ ದೋಸೆಗೆ ಉರಿ ಕಡಿಮೆ ಮಾಡುತ್ತೇವೆ. ಅಪಘಾತ ಹಾಗಲ್ಲ. ತಪ್ಪು ಮಾಡಿದ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಏನೂ ಆಗದಿರಲು ಜಾಣತನವೂ ಕಾರಣ ಇರಬಹುದು, ಅದೃಷ್ಟವೂ ಇರಬಹುದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮನುಷ್ಯ ಅದನ್ನು ಜಾಣತನದ ಖಾತೆಗೇ ಬರೆದುಕೊಳ್ಳುತ್ತಾನೆ. ಭೋಸರಿಯವರು ಹೇಳಿದ ತಣ್ಣಗಾದ ಡ್ರಮ್ ಇದಕ್ಕೆ ಒಳ್ಳೇ ಉದಾಹರಣೆ.

ದೊಡ್ಡ ದೊಡ್ಡ ಇಂಜಿನಿಯರ್‌ಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ಸತ್ತರು. ರಾಕೆಟ್ ಜೋಡಣೆಯ ರಬ್ಬರ್ ಉಂಗುರ ಸವೆಯುತ್ತಿರುವುದು ಹಿಂದಿನ ಹಾರಾಟಗಳಲ್ಲೇ ಕಂಡಿತ್ತು. ಪ್ರತಿ ಸಲ ನೌಕೆ ಸುರಕ್ಷಿತವಾಗಿ ವಾಪಸ್ ಬಂತು. ಸವೆತ ಇದ್ದರೂ ನಡೆಯುತ್ತದೆ ಅನ್ನುವ ಭಾವನೆ ಹಾಗೇ ಬೆಳೆಯಿತು. ಅವತ್ತು ಬೆಳಗ್ಗೆ ವಿಪರೀತ ಚಳಿ, ರಬ್ಬರ್ ಗಡುಸಾಗುವಷ್ಟು. ಹಿಂದಿನ ರಾತ್ರಿ ಕೆಲವು ಇಂಜಿನಿಯರ್‌ಗಳು ಬೇಡ ಅಂದರು. ಅವರ ಮಾತು ನಡೆಯಲಿಲ್ಲ.

ಸೈಟ್ ಸೇಫ್ಟಿ, ವಾಕಡ್

ನಮಸ್ಕಾರ್ರಿ. ನಾನು ಕಲಬುರಗಿ ಕಡೆಯವನು. ವಾಕಡ್, ಹಿಂಜವಡಿ ಕಡೆ ಎತ್ತರದ ಕಟ್ಟಡಗಳ ಸೈಟಿನಲ್ಲಿ ಸೇಫ್ಟಿ ನೋಡುತ್ತೇನೆ. ನಮ್ಮಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಪ್ಲಾಸ್ಟರ್ ಕೆಲಸಕ್ಕೆ ಯಾದಗಿರಿ, ವಿಜಯಪುರದವರು ತುಂಬಾ ಜನ ಇದ್ದಾರೆ.

ಹೊಸದಾಗಿ ಬಂದ ಹುಡುಗನಿಗೆ ಎತ್ತರದಿಂದ ಬೀಳದಂತೆ ಹಿಡಿಯುವ ಸೇಫ್ಟಿ ಬೆಲ್ಟ್ ಕೊಟ್ಟರೆ ಎರಡು ಸಲ ಎಳೆದು ನೋಡಿ ಹುಕ್ ಹಾಕುತ್ತಾನೆ. ಕೈ ನಡುಗುತ್ತಿರುತ್ತದೆ. ಹತ್ತಾರು ವರ್ಷ ಮಾಡಿದ ಮೇಸ್ತ್ರಿ ಬೆಲ್ಟ್ ಹಾಕಿರುತ್ತಾನೆ, ಆದರೆ ಹುಕ್ ತಂದು ತನ್ನ ಸೊಂಟದ ಉಂಗುರಕ್ಕೇ ಸಿಕ್ಕಿಸಿಕೊಂಡಿರುತ್ತಾನೆ. ಕೆಳಗಿಂದ ನೋಡಿದರೆ ಬೆಲ್ಟ್ ಇದೆ, ಹುಕ್ ಇದೆ, ಎಲ್ಲ ಸರಿ ಇದೆ. ಹತ್ತಿರ ಹೋದರೆ ಮಾತ್ರ ಗೊತ್ತಾಗುತ್ತದೆ, ಆ ಹುಕ್ ಯಾವುದನ್ನೂ ಹಿಡಿದಿಲ್ಲ. ಕೆಲವರು ಸಡಿಲ ಇರುವ ಪೈಪಿಗೆ ಸಿಕ್ಕಿಸುತ್ತಾರೆ. ಬಿದ್ದರೆ ಪೈಪನ್ನೂ ಜೊತೆಗೆ ಎಳೆದುಕೊಂಡು ಬೀಳುತ್ತಾರೆ. ಕೇಳಿದರೆ ಒಂದೇ ಮಾತು: "ಏನ್ ಆಗ್ತದ್ರಿ ಸಾಹೇಬ್ರ, ಐದ್ ನಿಮಿಷದ ಕೆಲಸ."

ಆ ಐದು ನಿಮಿಷದ ಕೆಲಸವೇ ಜೀವ ತೆಗೆಯುವುದು. ದೊಡ್ಡ ಕೆಲಸಕ್ಕೆ ಎಲ್ಲರೂ ತಯಾರಿ ಮಾಡಿಕೊಂಡು ಹತ್ತುತ್ತಾರೆ. ಮರೆತ ಕರಣೆ ತರಲು, ಒಂದು ಮೊಳೆ ಹೊಡೆಯಲು, ಶೀಟ್ ಸ್ವಲ್ಪ ಸರಿಸಲು ಅಂತ ಸುಮ್ನೆ ಹತ್ತುತ್ತಾರಲ್ಲ, ಆಗಲೇ ಆಗುವುದು.

ನಾವು ಏನು ಬದಲಾಯಿಸಿದೆವು ಅಂದರೆ, "ಅರ್ಥ ಆಯ್ತಾ" ಅಂತ ಕೇಳುವುದು ಬಿಟ್ಟೆವು. ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. ಈಗ ಬೆಳಗ್ಗೆ ಕೆಲಸ ಶುರುವಾಗುವ ಮೊದಲು "ತೋರಿಸು" ಅನ್ನುತ್ತೇವೆ. ಹುಕ್ ಎಲ್ಲಿ ಹಾಕುತ್ತೀಯ, ಕೈ ಇಟ್ಟು ತೋರಿಸು. ಬೆಲ್ಟಿಗೆ ಎರಡು ಹುಕ್ ಇರುವಂಥದ್ದೇ ತರಿಸಿದೆವು. ಜಾಗ ಬದಲಾಯಿಸುವಾಗ ಮೊದಲು ಎರಡನೇ ಹುಕ್ ಮುಂದೆ ಹಾಕು, ಆಮೇಲೆ ಹಿಂದಿನದು ಬಿಚ್ಚು. ಯಾವ ಹೊತ್ತಿನಲ್ಲೂ ಒಂದು ಹುಕ್ ಹಿಡಿದೇ ಇರಬೇಕು. ಇದರಲ್ಲಿ ಯೋಚನೆ ಮಾಡುವ ಮಾತೇ ಇಲ್ಲ. ಇವತ್ತು ಬೇಕಾ ಬೇಡವಾ ಅಂತ ತೀರ್ಮಾನ ಮಾಡಲು ಬಿಟ್ಟರೆ, ಅನುಭವ ಇರುವವನು ಬೇಡ ಅಂತಲೇ ತೀರ್ಮಾನ ಮಾಡುತ್ತಾನೆ.

ಮತ್ತೆ ಕಳ್ವಾದವರು ಹೇಳಿದ ಮಾತು ನಮ್ಮಲ್ಲೂ ನಿಜ. ಚದರ ಅಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಹುಕ್ ಹಾಕುವ ಒಂದೊಂದು ನಿಮಿಷವೂ ಅವನ ಜೇಬಿನಿಂದ ಹೋಗುತ್ತದೆ. ಗುತ್ತಿಗೆದಾರನ ಜೊತೆ ನಾನು ಜಗಳ ಆಡುವುದು ಹೆಚ್ಚಾಗಿ ಇದಕ್ಕೇ.

ಮಾಟುಂಗಾ ಅಡುಗೆಮನೆ

ವಾಕಡ್ ಅಣ್ಣನವರ ಮಾತು ಓದಿ ಬರೆಯಬೇಕು ಅನ್ನಿಸಿತು. ನಮ್ಮ ಉಡುಪಿ ಹೋಟೆಲ್ ಅಡುಗೆಮನೆಗಳಲ್ಲಿ ಸುಟ್ಟುಕೊಳ್ಳುವವರಲ್ಲಿ ಹೊಸ ಹುಡುಗರೂ ಇದ್ದಾರೆ, ಆದರೆ ದೊಡ್ಡ ಅನಾಹುತ ನಾನು ಕಂಡಿದ್ದು ಪಳಗಿದ ಕೈಗಳಲ್ಲೇ. ರುಬ್ಬುವ ಗ್ರೈಂಡರ್ ತಿರುಗುತ್ತಿರುವಾಗಲೇ ಬದಿಯ ಹಿಟ್ಟು ಕೈಯಿಂದ ಒಳಗೆ ತಳ್ಳುವುದು ಒಂದು. ಆಫ್ ಮಾಡಿ ತಳ್ಳಿದರೆ ಹತ್ತು ಸೆಕೆಂಡ್ ಜಾಸ್ತಿ, ಅಷ್ಟೇ ಅಲ್ವಾ?

ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗುತ್ತದೆ, ಹೋದ ಕ್ಷಣ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನೆಲ್ಲ ಚಾವಣಿವರೆಗೆ ಎಸೆಯುತ್ತದೆ. ಗ್ಯಾಸ್ ಬಂದ್ ಮಾಡಿ, ಬಾಣಲೆಗೆ ಅಗಲವಾದ ಮುಚ್ಚಳ ಜಾರಿಸಿ ಮುಚ್ಚಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ಬೆಂಕಿ ಕಂಡಾಗ ಕೈ ಹೋಗುವುದು ನೀರಿನ ಬಕೆಟಿಗೇ. ಗೊತ್ತಿದ್ದರೆ ಸಾಲದು. ಅದಕ್ಕೇ ನಮ್ಮಲ್ಲಿ ಮುಚ್ಚಳವನ್ನು ಬಾಣಲೆ ಪಕ್ಕದ ಗೋಡೆಗೇ ನೇತುಹಾಕಿದ್ದೇವೆ. ನೀರಿನ ಬಕೆಟ್ ಅಲ್ಲಿಂದ ತೆಗೆಸಿದ್ದೇವೆ. ಗಾಬರಿಯಲ್ಲಿ ಕೈಗೆ ಮೊದಲು ಸಿಗುವುದು ಮುಚ್ಚಳವೇ ಆಗಿರಬೇಕು.

ಮನೆಯಲ್ಲಿ ಇರುವವರಿಗೂ ಹೇಳುತ್ತೇನೆ. ಗ್ಯಾಸ್ ಪೈಪ್ ಮೇಲೆ ತಾರೀಕು ಇರುತ್ತದೆ, ಐದು ವರ್ಷಕ್ಕೆ ಬದಲಾಯಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟ್ ಹಾಕಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸೋರಿಕೆಗೇ ಅಂತ ಇರುವ ನಂಬರ್ ಅದು.

ಚಿಂಚವಡ ವೈರ್‌ಮನ್

ಪುಣೆಯ ಚಳಿಗಾಲದ ಬಗ್ಗೆ ಒಂದೇ ಮಾತು. ಬಕೆಟಿಗೆ ನೀರು ಕಾಯಿಸುವ ರಾಡ್ ಹಾಕಿ, ಕಾದಿದೆಯಾ ಅಂತ ಬೆರಳು ಅದ್ದಿ ನೋಡುತ್ತಾರೆ. ಪ್ಲಗ್ ಕಿತ್ತ ಮೇಲೆ ಮಾತ್ರ ನೀರು ಮುಟ್ಟಿ. ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಟ್ರಿಪ್ ಆಗಬೇಕು. ಬಾಡಿಗೆ ಮನೆಯಲ್ಲಿ ಅದು ಇಲ್ಲದಿದ್ದರೆ ಮಾಲೀಕರ ಹತ್ತಿರ ಕೇಳಿ ಹಾಕಿಸಿಕೊಳ್ಳಿ.

ಕೋಥರೂಡ್ ಅಕ್ಕ

ಇಲ್ಲಿವರೆಗೆ ಎಲ್ಲರೂ ಕೆಲಸ ಮಾಡುವವನ ಬಗ್ಗೆ ಹೇಳಿದಿರಿ. ಪಕ್ಕದಲ್ಲಿ ಕೂತವರ ಬಗ್ಗೆ ಯಾರೂ ಮಾತಾಡಲಿಲ್ಲ.

ಊರಿಗೆ ಹೋಗುವಾಗ ಕಾರು ಓಡಿಸುವುದು ಯಾರು? ಹೆಚ್ಚಿನ ಮನೆಗಳಲ್ಲಿ ಗಂಡ, ಮಾವ ಅಥವಾ ಭಾವ. ಖಂಬಾಟ್ಕಿ ಘಾಟಿನಲ್ಲಿ ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾರೆ. ಹಿಂದೆ ಕೂತ ಹೆಂಗಸರಿಗೆ, ಮಕ್ಕಳಿಗೆ ಜೀವ ಬಾಯಿಗೆ ಬಂದಿರುತ್ತದೆ. ಮಾತಾಡಿದರೆ "ನನಗೆ ಓಡಿಸೋದು ಕಲಿಸಬೇಡ" ಅನ್ನುವ ಉತ್ತರ. ಸುಮ್ಮನಾಗುತ್ತೇವೆ. ಈ ಸುಮ್ಮನಾಗುವುದಕ್ಕೂ ಅಪಘಾತಕ್ಕೂ ಸಂಬಂಧ ಇದೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ವಿಮಾನದವರು ಇದನ್ನು ತುಂಬಾ ದೊಡ್ಡ ಬೆಲೆ ಕೊಟ್ಟು ಕಲಿತರು. 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫೆ ದ್ವೀಪ, ದಟ್ಟ ಮಂಜು. ನೆದರ್ಲೆಂಡ್ಸ್‌ನ ಕೆಎಲ್ಎಂ ಕಂಪನಿಯ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ. ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವ ಹಿರಿಯ, ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೋ. ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಲು ಶುರು ಮಾಡಿದರು. ರನ್‌ವೇ ಮೇಲೆ ಪ್ಯಾನ್ ಆ್ಯಮ್ ಅನ್ನುವ ಇನ್ನೊಂದು ಕಂಪನಿಯ ವಿಮಾನ ಇನ್ನೂ ಇದೆಯೇನೋ ಅಂತ ಫ್ಲೈಟ್ ಇಂಜಿನಿಯರ್ ಕೇಳಿದರು. ಇಲ್ಲ, ಹೋಗಿದೆ ಅಂತ ಕ್ಯಾಪ್ಟನ್ ಖಚಿತವಾಗಿ ಅಂದುಬಿಟ್ಟರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಅದಾದ ಮೇಲೆ ವಿಮಾನ ಕಂಪನಿಗಳು ತರಬೇತಿಯನ್ನೇ ಬದಲಾಯಿಸಿದವು. ಕಿರಿಯರು ಹೇಗೆ ಎದುರು ಹೇಳಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದನ್ನೇ ಪಾಠವಾಗಿ ಕಲಿಸುತ್ತಾರೆ. ಮನೆಗಳಲ್ಲೂ ಇದು ಬೇಕು.

ಠಾಣೆ ಸೊಸೆ

ಅಕ್ಕಾ, ನೂರಕ್ಕೆ ನೂರು. ಆದರೆ ಮಾವನಿಗೆ ಹೇಗೆ ಹೇಳುವುದು? ನೇರ ಹೇಳಿದರೆ ಊರು ತಲುಪುವವರೆಗೆ ಕಾರಿನಲ್ಲಿ ಮಾತೇ ಇರುವುದಿಲ್ಲ.

ಕೋಥರೂಡ್ ಅಕ್ಕ

ಗಾಡಿ ಓಡುತ್ತಿರುವಾಗ ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ, ಅವರ ಗಮನವೂ ತಪ್ಪುತ್ತದೆ. ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. "ಮಾವ, ಎರಡು ಗಂಟೆಗೊಮ್ಮೆ ನಿಲ್ಲಿಸೋಣ, ಘಾಟಿನಲ್ಲಿ ಓವರ್‌ಟೇಕ್ ಬೇಡ, ಮಗು ವಾಂತಿ ಮಾಡುತ್ತೆ" ಅನ್ನಿ. ಮಗುವಿನ ಕಾರಣ ಸುಳ್ಳಲ್ಲ. ನಮ್ಮ ಮನೆಯಲ್ಲಿ ಒಂದು ಒಪ್ಪಂದ ಇದೆ: ಕಾರಿನಲ್ಲಿ ಯಾರೇ "ಭಯ ಆಗ್ತಿದೆ" ಅಂದರೂ ವೇಗ ಇಳಿಸಬೇಕು, ಯಾಕೆ ಅಂತ ಆಮೇಲೆ ಕೇಳಬಹುದು. ಎಂಟು ವರ್ಷದ ಮಗಳು ಹೇಳಿದರೂ ಅಷ್ಟೇ. ಓಡಿಸುವವರ ಕೌಶಲದ ಮೇಲೆ ತೀರ್ಪು ಕೊಡುವ ಮಾತು ಅದರಲ್ಲಿ ಇಲ್ಲ, ಹಾಗಾಗಿ ಜಗಳ ಆಗುವುದಿಲ್ಲ.

ಮತ್ತೆ ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಸೂರ್ಯಾ ನದಿ ಸೇತುವೆ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಕಾರು ತುಂಬಾ ದುಬಾರಿಯದೇ ಆಗಿತ್ತು, ಆದರೂ ಜೀವ ಉಳಿಯಲಿಲ್ಲ.

ವಾಸ್ಕೊ ಕನ್ನಡಿಗ, ಗೋವಾ

ನಮ್ಮಲ್ಲಿಗೆ ಉತ್ತರ ಕರ್ನಾಟಕದಿಂದ ಟೆಂಪೊ ಮಾಡಿಕೊಂಡು ಹುಡುಗರು ಬರುತ್ತಾರೆ. ಸಮುದ್ರದಲ್ಲಿ ತೊಂದರೆಗೆ ಸಿಕ್ಕುವವರಲ್ಲಿ ಈಜು ಬರುವವರೂ ಸಾಕಷ್ಟು ಇದ್ದಾರೆ. ಬಾವಿಯಲ್ಲಿ, ಕೃಷ್ಣಾ ನದಿಯಲ್ಲಿ ಈಜಿ ಗಟ್ಟಿಯಾದವರು. ಆ ಈಜು ಇಲ್ಲಿ ಬೇರೆ ಲೆಕ್ಕ. ದಡಕ್ಕೆ ಬಂದ ನೀರು ಒಂದು ಕಿರಿದಾದ ಜಾಗದಿಂದ ಜೋರಾಗಿ ಸಮುದ್ರಕ್ಕೆ ವಾಪಸ್ ಹೋಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ನೋಡೋಕೆ ಅದೇ ಶಾಂತವಾಗಿ ಕಾಣುತ್ತದೆ. ಹುಡುಗರು ಅಲ್ಲೇ ಇಳಿಯುತ್ತಾರೆ. ಎಳೆದುಕೊಂಡು ಹೋದಾಗ ದಡದ ಕಡೆಗೇ ಜೋರಾಗಿ ಈಜಿ ದಣಿದು ಮುಳುಗುತ್ತಾರೆ.

ಸಿಕ್ಕಿಕೊಂಡರೆ ಸೆಳೆತದ ವಿರುದ್ಧ ಈಜಬೇಡಿ. ತೇಲಿ, ಕೈ ಎತ್ತಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಸೆಳೆತ ದಾಟಿದ ಮೇಲೆ ದಡಕ್ಕೆ ಬನ್ನಿ. 2008ರಿಂದ ಗೋವಾ ಬೀಚ್‌ಗಳಲ್ಲಿ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಇದ್ದಾರೆ. ಅವರು ನೆಟ್ಟ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಕುಡಿದು ಇಳಿಯುವವರ ಬಗ್ಗೆ ನಾನು ಬರೆಯುವುದಿಲ್ಲ, ಬರೆದರೆ ಸಿಟ್ಟು ಬರುತ್ತದೆ.

ಹಡಪಸರ್ ಹುಡುಗ

ಒಂದು ಪ್ರಶ್ನೆ. ಎಲ್ಲದಕ್ಕೂ ಹೆದರಿಸಿದರೆ ಬದುಕುವುದು ಹೇಗೆ? ಹೆದರಿಕೊಂಡು ಬೈಕ್ ಓಡಿಸುವವನು ಇನ್ನೂ ಅಪಾಯ. ನಡುರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕುತ್ತಾನೆ. ಆತ್ಮವಿಶ್ವಾಸ ಬೇಕು ಅಲ್ವಾ?

ಕಾಲೇಜು ಮೇಷ್ಟ್ರು, ಪುಣೆ

ಬೇಕಪ್ಪ, ಖಂಡಿತ ಬೇಕು. ಇಲ್ಲಿ ಯಾರೂ ಹೆದರು ಅನ್ನುತ್ತಿಲ್ಲ. ಹೆದರಿಕೆಯೂ ನಂಬುವಂಥದ್ದಲ್ಲ, ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಅಪಘಾತ ನೋಡಿದ ವಾರ ಎಲ್ಲರೂ ನಿಧಾನ ಓಡಿಸುತ್ತಾರೆ, ಮುಂದಿನ ತಿಂಗಳು ಮತ್ತೆ ಅದೇ ವೇಗ. ಉಳಿಯುವುದು ಕೈಗೆ ಹತ್ತಿದ ರೂಢಿ ಮಾತ್ರ.

ರೂಢಿ ಹತ್ತಿಸಲು ಒಂದು ಉಪಾಯ ಹೇಳುತ್ತೇನೆ. "ಇನ್ನು ಮೇಲೆ ಜಾಗ್ರತೆಯಾಗಿ ಇರುತ್ತೇನೆ" ಅಂತ ಸಂಕಲ್ಪ ಮಾಡಬೇಡ, ಅದು ನಿಲ್ಲುವುದಿಲ್ಲ. ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಹೊಸದನ್ನು ಕಟ್ಟಿಹಾಕು. ಬೈಕ್ ಕೀ ಹಾಕುವ ಮೊದಲು ಹೆಲ್ಮೆಟ್ ಪಟ್ಟಿಯ "ಟಕ್" ಸದ್ದು ಕೇಳಬೇಕು. ಸದ್ದು ಬಂದಿಲ್ಲ ಅಂದರೆ ಕೀ ಇಲ್ಲ. ಪುಣೆಯಲ್ಲಿ ಹೆಲ್ಮೆಟ್ ತಲೆ ಮೇಲೆ ಇಟ್ಟು ಪಟ್ಟಿ ಹಾಕದವರು ಎಷ್ಟು ಜನ ನೋಡು. ಬಿದ್ದಾಗ ತಲೆಗಿಂತ ಮೊದಲು ಹೆಲ್ಮೆಟ್ ಹಾರಿಹೋಗುತ್ತದೆ.

ಕಾರಿನವರಿಗೆ ಇನ್ನೊಂದು. ಡ್ರೈವರ್ ಬಾಗಿಲನ್ನು ಬಲಗೈಯಿಂದ ತೆಗೆಯಬೇಡಿ, ಎಡಗೈ ಚಾಚಿ ತೆಗೆಯಿರಿ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದಿನಿಂದ ಬರುವ ಬೈಕ್ ಕಣ್ಣಿಗೆ ಬೀಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ಡ್ರೈವಿಂಗ್ ಕಲಿಯುವವರಿಗೆ ಹೀಗೇ, ಬಾಗಿಲಿಗೆ ದೂರದ ಕೈಯಿಂದ ತೆಗೆಯಲು ಕಲಿಸುತ್ತಾರೆ.

ಫೋನ್ ವಿಷಯಕ್ಕೆ ಒಂದೇ ಲೆಕ್ಕ: 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ 34 ಮೀಟರ್ ರಸ್ತೆ ನೋಡಲಿಲ್ಲ ಅಂತ ಅರ್ಥ.

ನಿವೃತ್ತ ಲೋಕೊ ಪೈಲಟ್, ಕಲ್ಯಾಣ್

ಮೇಷ್ಟ್ರು ಹೇಳಿದ "ಟಕ್" ಸದ್ದಿನ ಮಾತಿಗೆ ನಮ್ಮ ಕಡೆಯ ಪದ್ಧತಿ ಸೇರಿಸುತ್ತೇನೆ. ಸಿಗ್ನಲ್ ಕಂಡ ಕೂಡಲೇ ರೈಲು ಓಡಿಸುವ ಲೋಕೊ ಪೈಲಟ್ ಮತ್ತು ಸಹಾಯಕ ಇಬ್ಬರೂ ಅದರ ಬಣ್ಣವನ್ನು ಬಾಯಿಬಿಟ್ಟು ಕೂಗಿ ಹೇಳಬೇಕು. ಇಬ್ಬರಿಗೂ ಕಣ್ಣಿದೆ, ಇಬ್ಬರಿಗೂ ಹಸಿರು ಕಾಣುತ್ತಿದೆ, ಮತ್ತೆ ಯಾಕೆ ಕೂಗಬೇಕು ಅಂತ ಹೊಸಬರಿಗೆ ಅನ್ನಿಸುತ್ತದೆ. ಕೂಗುವುದು ಯಾಕೆಂದರೆ ರೂಢಿಯಾದ ಕಣ್ಣು ಇರುವುದನ್ನು ನೋಡುವುದಿಲ್ಲ, ದಿನಾ ಇರುವುದನ್ನು ನೋಡುತ್ತದೆ. ದಿನಾ ಹಸಿರು ಇರುವ ಕಡೆ ಇವತ್ತು ಹಳದಿ ಇದ್ದರೂ ಹಸಿರು ಅಂತಲೇ ಮನಸ್ಸು ಓದಿಬಿಡಬಹುದು. ಬಾಯಿಂದ ಹೇಳಬೇಕಾದರೆ ನಿಜವಾಗಿ ನೋಡಲೇಬೇಕು. ಜಪಾನ್‌ನಲ್ಲಿ ಬೆರಳು ತೋರಿಸಿ ಕೂಗುತ್ತಾರೆ, ಹಾಗೆ ಮಾಡಿದಾಗ ತಪ್ಪು ತುಂಬಾ ಕಡಿಮೆ ಆಗುತ್ತದೆ ಅಂತ ಅಲ್ಲಿನ ರೈಲ್ವೆ ಸಂಶೋಧಕರು ಅಳೆದು ತೋರಿಸಿದ್ದಾರೆ.

ಮನೆಯಲ್ಲೂ ನಾನು ಹೊರಡುವಾಗ ಬೆರಳು ತೋರಿಸಿ "ಗ್ಯಾಸ್ ಬಂದ್, ಗೀಸರ್ ಬಂದ್" ಅಂತ ಹೇಳಿಯೇ ಬಾಗಿಲು ಹಾಕುವುದು. ಮೊಮ್ಮಕ್ಕಳೂ ಕಲಿತಿದ್ದಾರೆ.

ಮಾರ್ಕೆಟ್ ಯಾರ್ಡ್ ಬುಕಿಂಗ್ ಆಫೀಸ್, ಪುಣೆ

ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕಳ್ವಾದವರು ಮತ್ತು ವಾಕಡ್‌ನವರು ಹೇಳಿದ ಕೂಲಿ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಲೈನಿನಲ್ಲಿ ಎಷ್ಟೋ ಮಾಲೀಕರು ಟ್ರಿಪ್ಪಿಗೆ ಇಷ್ಟು ಲೀಟರ್ ಅಂತ ಗೊತ್ತು ಮಾಡುತ್ತಾರೆ, ಉಳಿದ ಡೀಸೆಲ್ ಹಣ ಡ್ರೈವರ್‌ಗೆ. ಅವನು ನ್ಯೂಟ್ರಲ್ ಮಾಡಿದರೆ ಉಳಿಯುತ್ತದೆ ಅಂತ ನಂಬಿದ್ದಾನೆ, ನಾವು ಉಳಿಸು ಅಂತ ಆಸೆ ಹಚ್ಚಿದ್ದೇವೆ. ಬರುವ ಭಾನುವಾರ ನಾಲ್ಕೈದು ಮಾಲೀಕರು ಸೇರುತ್ತೇವೆ. ಆ ಪದ್ಧತಿ ಬಿಟ್ಟು ಟ್ರಿಪ್ ಭತ್ಯೆಯನ್ನೇ ಸ್ವಲ್ಪ ಜಾಸ್ತಿ ಮಾಡೋಣ ಅಂತ ಕೇಳುವವನಿದ್ದೇನೆ. ಒಪ್ಪದವರೂ ಇರುತ್ತಾರೆ, ನೋಡೋಣ.

ಭೋಸರಿ ತಮ್ಮಾ, ನೀನೂ ಬರಬೇಕು. ಆ ನೀಲಿ ತಿರುಗಿದ ಡ್ರಮ್ ಒಂದು ತಗೊಂಡು ಬಾ. ನಾನು ಎಷ್ಟು ಹೇಳಿದರೂ ಡ್ರೈವರ್‌ಗಳು ನಂಬುವುದಿಲ್ಲ, ಅದನ್ನು ಕೈಯಲ್ಲಿ ಹಿಡಿದು ನೋಡಲಿ.

ಸುರಂಗಕ್ಕೆ ಮೊದಲೇ ಗಾಡಿಯಲ್ಲಿ ಇಬ್ಬರೂ ಕೂಗಿ ಹೇಳುವ ಪದ್ಧತಿ ಮಾಡಬೇಕು ಅಂತಿದ್ದೇನೆ. ಕ್ಲೀನರ್ ಕೇಳಬೇಕು, ಡ್ರೈವರ್ ಗೇರ್ ನಂಬರ್ ಹೇಳಬೇಕು. ಕ್ಯಾಬಿನ್‌ನಲ್ಲಿ ಅಂಟಿಸಲು ಒಂದು ಸ್ಟಿಕ್ಕರ್ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ:

"ಸುರಂಗಕ್ಕೆ ಮೊದಲು ಗೇರ್ ಇಳಿಸು. ನ್ಯೂಟ್ರಲ್ ಬೇಡ, ಇಂಜಿನ್ ಆಫ್ ಬೇಡ. ಗಾಳಿ ಮೀಟರ್ ನೋಡಿ ಹೇಳು."

ಬ್ರೇಕ್ ಕೆಲಸ, ಭೋಸರಿ

ಬರುತ್ತೇನೆ ಅಣ್ಣ. ಡ್ರಮ್ ಎರಡು ಇವೆ, ಲೈನರ್ ಕೂಡ ತರುತ್ತೇನೆ. ಸ್ಟಿಕ್ಕರ್‌ನಲ್ಲಿ ಗಾಳಿ ಮೀಟರ್ ಮಾತು ಮೊದಲಿಗೆ ಹಾಕಿ. ಗಾಳಿ ಕಡಿಮೆ ಇದ್ದರೆ ಸುರಂಗದ ಒಳಗೆ ಹೋಗಲೇಬಾರದು, ಈಚೆಗೇ ನಿಲ್ಲಿಸಬೇಕು.

ಕೋಥರೂಡ್ ಅಕ್ಕ

ನಮ್ಮವರದು ಪ್ರಿಂಟಿಂಗ್ ಅಂಗಡಿ. ಸ್ಟಿಕ್ಕರ್ ನಾವು ಮಾಡಿಕೊಡುತ್ತೇವೆ. ಕನ್ನಡದ ಜೊತೆ ಮರಾಠಿ, ಹಿಂದಿ ಕೂಡ ಇರಲಿ, ಅಕ್ಷರ ದೊಡ್ಡದಾಗಿ ಇರಲಿ. ಎಷ್ಟು ಗಾಡಿಗೆ ಬೇಕು ಅಂತ ಶನಿವಾರದೊಳಗೆ ಹೇಳಿ.